ಹಳೆಯ ದೋಣಿಗೆ ಹಲ್ಲು ನೋಡುವುದು ಹೇಗೆ?

ಗೊರೂರು ಹಿನ್ನೀರಿನ ದಡದಲ್ಲಿ ಹಳೆಯ ತೆಪ್ಪ ಕೊಳ್ಳಲು ಬಂದವನು ಅದರ ವಯಸ್ಸು ಕೇಳುವುದು ಕೊನೆಗೆ. ಮೊದಲು ಅದನ್ನು ಮಗುಚಿ ಹಾಕುತ್ತಾನೆ. ಬಿಸಿಲಿಗೆ ಡಾಂಬರು ಎಲ್ಲೆಲ್ಲಿ ಬಿರುಕು ಬಿಟ್ಟಿದೆ, ಗೊಬ್ಬರದ ಚೀಲದ ಹೊದಿಕೆ ಎಲ್ಲಿ ಹೊಲಿಗೆ ಬಿಟ್ಟಿದೆ, ಅಂಚಿಗೆ ಸುತ್ತಿದ ಬಿದಿರಿನ ದಬ್ಬೆ ಬಿಗಿಯಾಗಿದೆಯೇ ಎಂದು ಕೈಯಾಡಿಸಿ ನೋಡುತ್ತಾನೆ. ಆಮೇಲೆ ಅದನ್ನು ಎತ್ತಿ ತಲೆಯ ಮೇಲೆ ಹೊರುತ್ತಾನೆ. ವ್ಯಾಪಾರ ಅರ್ಧ ಮುಗಿಯುವುದು ಅಲ್ಲೇ. ಒಣ ತೆಪ್ಪ ಎಷ್ಟು ತೂಗಬೇಕೆಂದು ಹೊತ್ತು ಪಳಗಿದ ಕುತ್ತಿಗೆಗೆ ಗೊತ್ತು. ಅದಕ್ಕಿಂತ ಭಾರ ಅನ್ನಿಸಿತೆಂದರೆ ಒಳಗಿನ ಬಿದಿರು ನೀರು ಕುಡಿದಿದೆ ಎಂದರ್ಥ.

“ಹೋದ ವರ್ಷ ತಾನೇ ಡಾಂಬರು ಹೊಡೆಸಿದ್ದು ಕಣಣ್ಣ” ಎನ್ನುತ್ತಾನೆ ಮಾರುವವನು.

“ಹೊಡೆಸಿದ್ದೀಯ ಕಣಪ್ಪ, ಒಳಗೆ ದಬ್ಬೆ ಬದಲಾಯಿಸಿದ್ದೀಯಾ?” ಎನ್ನುತ್ತಾನೆ ಕೊಳ್ಳುವವನು.

ಹಳೆಯ ದೋಣಿಯ ಬೆಲೆ ಕಟ್ಟುವ ವಿದ್ಯೆಯ ಮುಕ್ಕಾಲು ಭಾಗ ಈ ಎರಡು ಮಾತಿನಲ್ಲಿದೆ. ಫ್ರಾನ್ಸಿನ ಲಾ ರೊಷೆಲ್ ಬಂದರಿನಲ್ಲಿ ಲಕ್ಷಾಂತರ ಯೂರೋ ಬೆಲೆಯ ಹಳೆಯ ಕ್ಯಾಟಮರಾನ್ ನೋಡಲು ಬಂದವನೂ ಕೊನೆಗೆ ಕೇಳಬೇಕಾದ ಪ್ರಶ್ನೆ ಇದೇ: ಮೇಲೆ ಬಳಿದದ್ದು ಕಾಣುತ್ತಿದೆ, ಒಳಗೆ ಏನಾಗಿದೆ?

ಕಡಲಿಲ್ಲದ ಹಾಸನದವರಿಗೆ ಕ್ಯಾಟಮರಾನ್ ಉಸಾಬರಿ ಯಾಕೆ ಎನ್ನುವವರಿಗೆ ಒಂದು ಮಾತು. ನಮ್ಮೂರು ನೀರಿನ ಊರು. 1979ರಲ್ಲಿ ಹೇಮಾವತಿ ಅಣೆಕಟ್ಟು ಮುಗಿದ ಮೇಲೆ ಹೊಲ, ತೋಟ, ಊರುಗಳೆಲ್ಲ ಮುಳುಗಿ ಅಲ್ಲೊಂದು ಸಣ್ಣ ಸಮುದ್ರವೇ ಆಯಿತು. ಜಲಾಶಯದ ಗರಿಷ್ಠ ಮಟ್ಟ 2922 ಅಡಿ, ಹಿಡಿಯುವ ನೀರು 37 ಟಿಎಂಸಿ ಅಡಿ. ಮಳೆಗಾಲದಲ್ಲಿ ಶೆಟ್ಟಿಹಳ್ಳಿಯ ಪಾಳುಬಿದ್ದ ಚರ್ಚಿನ ಗೋಡೆಗಳು ನೀರಲ್ಲಿ ನಿಂತಾಗ ಬೆಂಗಳೂರಿನವರು ಕಾರು ತುಂಬಿಕೊಂಡು ಬರುತ್ತಾರೆ, ತೆಪ್ಪದಲ್ಲಿ ಒಂದು ಸುತ್ತು ಹೊಡೆಯುತ್ತಾರೆ. ಅವರಲ್ಲಿ ಒಬ್ಬರಾದರೂ ಯೂಟ್ಯೂಬಿನಲ್ಲಿ ಗಂಡ ಹೆಂಡತಿ ಮಕ್ಕಳೆಲ್ಲ ಕ್ಯಾಟಮರಾನಿನಲ್ಲೇ ಸಂಸಾರ ಹೂಡಿ ದ್ವೀಪದಿಂದ ದ್ವೀಪಕ್ಕೆ ಹೋಗುವುದನ್ನು ನೋಡಿ ‘ಹಳೇದೊಂದು ಅಗ್ಗಕ್ಕೆ ಸಿಕ್ಕಿದರೆ’ ಎಂದು ಕನಸಿದವರು ಇರುತ್ತಾರೆ. ಹೊರದೇಶದಲ್ಲಿ ದುಡಿದು ನಿವೃತ್ತಿಗೆ ಬಂದ ನಮ್ಮ ಕಡೆಯವರಿಗಂತೂ ಇದು ಬರೀ ಕನಸೂ ಅಲ್ಲ, ಕೈಗೆಟುಕುವ ಮಾತು. ‘ಅಗ್ಗಕ್ಕೆ’ ಎನ್ನುವ ಆ ಪದದ ಹತ್ತಿರ ಸ್ವಲ್ಪ ನಿಲ್ಲಬೇಕು.

ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ಜಾತ್ರೆಗೆ ಹೋದವರಿಗೆ ಗೊತ್ತು, ಎತ್ತಿನ ಬೆಲೆ ಹಲ್ಲಿನಲ್ಲಿರುತ್ತದೆ. ತುಟಿ ಎತ್ತಿ ನೋಡಿದರೆ ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದ್ದೋ ತಿಳಿಯುತ್ತದೆ. ಸುಳಿ ನೋಡುತ್ತಾರೆ, ನಡೆಸಿ ನೋಡುತ್ತಾರೆ, ಕೊನೆಗೆ ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿದು ದಲ್ಲಾಳಿ ಬೆಲೆ ಹೇಳುತ್ತಾನೆ. ದೋಣಿಗೆ ಈ ಅನುಕೂಲವಿಲ್ಲ. 30 ವರ್ಷದ ದೋಣಿ ಗಟ್ಟಿಯಾಗಿರಬಹುದು, ಹತ್ತು ವರ್ಷದ್ದು ಹಾಳಾಗಿರಬಹುದು. ಭಾರತೀಯ ಸೇನೆಯ ಎಂಜಿನಿಯರುಗಳು 1985ರಿಂದ 87ರವರೆಗೆ ಭೂಮಿ ಸುತ್ತಿ ಬಂದ ‘ತೃಷ್ಣಾ’ ಹಾಯಿದೋಣಿ 1970ರ ದಶಕದ ಮೊದಲ ವರ್ಷಗಳಲ್ಲಿ ಕಟ್ಟುತ್ತಿದ್ದ ಸ್ವಾನ್ 37 ಮಾದರಿಯದು, ಅಂದರೆ ಹೊರಡುವ ಹೊತ್ತಿಗೇ ಹಳೆಯದು. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೇನೆಯವರು ನಡೆಸುವ ಹಾಯಿದೋಣಿ ಕ್ಲಬ್ಬಿಗೆ ಇವತ್ತಿಗೂ ಅದೇ ಹೆಸರು. ವಯಸ್ಸೇ ದೋಷವಾಗಿದ್ದರೆ ಆ ದೋಣಿ ಸುತ್ತು ಮುಗಿಸಿ ಮುಂಬೈ ಸೇರುತ್ತಿರಲಿಲ್ಲ.

ಕ್ಯಾಟಮರಾನ್ ಅಂದರೆ ಎರಡು ತೆಳ್ಳಗಿನ ಒಡಲುಗಳನ್ನು ಅಕ್ಕಪಕ್ಕ ಇಟ್ಟು ಮೇಲೊಂದು ಸೇತುವೆ ಕಟ್ಟಿ ಮನೆ ಮಾಡಿದ್ದು. ಒಂದೇ ಒಡಲಿನ ಹಾಯಿದೋಣಿ ಮಗುಚದಿರಲು ತಳದಲ್ಲಿ ಟನ್‌ಗಟ್ಟಲೆ ಸೀಸವನ್ನೋ ಕಬ್ಬಿಣವನ್ನೋ ಹೊತ್ತಿರುತ್ತದೆ. ಕ್ಯಾಟಮರಾನಿಗೆ ಅದು ಬೇಡ, ಅಗಲವೇ ಅದರ ಸ್ಥಿರತೆ. ಲಗೂನ್ 380 ಎಂಬ ಬಹಳ ಮಾರಾಟವಾದ ಫ್ರೆಂಚ್ ಮಾದರಿಯನ್ನೇ ತೆಗೆದುಕೊಳ್ಳಿ: ಉದ್ದ ಹನ್ನೊಂದೂವರೆ ಮೀಟರ್, ಅಗಲ ಆರೂವರೆ ಮೀಟರ್, ಖಾಲಿ ತೂಕ ಏಳು ಟನ್ ಆಸುಪಾಸು. ಊಟದ ಮೇಜಿನ ಮೇಲಿಟ್ಟ ಕಾಫಿ ಲೋಟ ಬೀಳುವುದಿಲ್ಲ, ಮುಂದಿನ ಬಲೆಯ ಮೇಲೆ ಮಲಗಿ ನಕ್ಷತ್ರ ನೋಡಬಹುದು. ಸಂಸಾರಸ್ಥರು ಇದಕ್ಕೆ ಮರುಳಾಗುವುದು ಸಹಜವೇ.

ಈ ಹಗುರವೇ ಅದರ ಜೀವ. ಹಳೆಯದನ್ನು ತೂಗುವಾಗ ಮೊದಲು ನೋಡಬೇಕಾದದ್ದೂ ಇದನ್ನೇ. ಮಾಲೀಕ ಹತ್ತು ವರ್ಷದಲ್ಲಿ ಜನರೇಟರ್ ಹಾಕಿಸಿರುತ್ತಾನೆ, ಎಸಿ, ಬಟ್ಟೆ ಒಗೆಯುವ ಯಂತ್ರ, ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರ, ಎಂಟು ಬ್ಯಾಟರಿ. ಜಾಹೀರಾತಿನಲ್ಲಿ ಅವೆಲ್ಲ ದೊಡ್ಡ ಪಟ್ಟಿಯಾಗಿ ಬರುತ್ತವೆ. ಕೊಳ್ಳುವವನು ಆ ಪಟ್ಟಿ ಬಿಟ್ಟು ದೋಣಿಯ ಹಿಂಭಾಗಕ್ಕೆ ಹೋಗಿ ನೀರಿನ ಗೆರೆ ಎಲ್ಲಿದೆ ನೋಡಬೇಕು. ತಯಾರಾದಾಗ ಬಳಿದ ಗೆರೆ ನೀರೊಳಗೆ ಮುಳುಗಿದ್ದರೆ, ಅದರ ಮೇಲೆ ಹೊಸದೊಂದು ಗೆರೆ ಬಳಿದಿದ್ದರೆ, ಆ ದೋಣಿ ಹೊರಬಾರದ್ದನ್ನು ಹೊರುತ್ತಿದೆ. ಭಾರ ಹೆಚ್ಚಾದ ಕ್ಯಾಟಮರಾನಿನಲ್ಲಿ ವೇಗ ಹೋಗುತ್ತದೆ, ಎರಡು ಒಡಲುಗಳ ನಡುವಿನ ಸೇತುವೆ ನೀರಿಗೆ ಹತ್ತಿರ ಬರುತ್ತದೆ, ಅಲೆ ಬಂದಾಗಲೆಲ್ಲ ಕೆಳಗಿನಿಂದ ಗುದ್ದುತ್ತದೆ. ಇಂಗ್ಲೆಂಡಿನ ಪ್ರೌಟ್ ಸಹೋದರರ ಕಾಲದ ಹಳೆಯ ದೋಣಿಗಳಲ್ಲಿ ಸೇತುವೆ ಮೊದಲೇ ತಗ್ಗು, ಆ ಗುದ್ದಿನ ಸದ್ದಿಗೆ ರಾತ್ರಿ ನಿದ್ದೆ ಬರುವುದಿಲ್ಲ ಎಂದು ಹಡಗಿಗರು ಹೇಳುತ್ತಾರೆ. ಆದರೂ ಗಟ್ಟಿಮುಟ್ಟಾದ ದೋಣಿಗಳೆಂದು ಅವಕ್ಕೆ ಇವತ್ತಿಗೂ ಗಿರಾಕಿಗಳಿದ್ದಾರೆ.

ಇನ್ನು ನೀರು ಕುಡಿಯುವ ವಿಚಾರ. ಫೈಬರ್ ದೋಣಿಯ ಡೆಕ್ ಒಂದೇ ದಪ್ಪ ಹಾಳೆ ಎಂದು ನಾವು ತಿಳಿಯುತ್ತೇವೆ. ಹಾಗಿಲ್ಲ. ಮೇಲೊಂದು ಕೆಳಗೊಂದು ಫೈಬರ್ ಪದರ, ನಡುವೆ ಬಾಲ್ಸಾ ಮರದ ತುಂಡುಗಳು ಅಥವಾ ನೊರೆಪ್ಲಾಸ್ಟಿಕ್ ಹಲಗೆ. ಬಾಲ್ಸಾ ಹೆಚ್ಚಾಗಿ ಬರುವುದು ಈಕ್ವೆಡಾರಿನಿಂದ. ಹತ್ತಿಯಷ್ಟು ಹಗುರ, ಆದರೆ ಒದ್ದೆಯಾದರೆ ಕೊಳೆಯುತ್ತದೆ. ಡೆಕ್ಕಿನ ಮೇಲೆ ಕಂಬಿ, ಕೊಕ್ಕೆ, ಕಿಟಕಿ ಜೋಡಿಸಲು ಕೊರೆದ ಪ್ರತಿ ತೂತಿಗೂ ಮಯಣದಂಥ ಸೀಲ್ ಹಾಕಿರುತ್ತಾರೆ. ಹತ್ತು ಹದಿನೈದು ವರ್ಷಕ್ಕೆ ಅದು ಗಟ್ಟಿಯಾಗಿ ಬಿರುಕು ಬಿಡುತ್ತದೆ, ನೀರು ಹನಿಹನಿಯಾಗಿ ಇಳಿಯುತ್ತದೆ. ಮೇಲೆ ಬಣ್ಣ ಫಳಫಳ, ಒಳಗೆ ಕೊಳೆತ ಮರದ ಗಂಜಿ. ತಮಿಳುನಾಡಿನ ಕಡಲತೀರದ ಬೆಸ್ತರು ಕಟ್ಟುಮರವನ್ನು ದಡಕ್ಕೆಳೆದ ಮೇಲೆ ಹಗ್ಗ ಬಿಚ್ಚಿ ಮರದ ದಿಮ್ಮಿಗಳನ್ನು ಬೇರೆ ಬೇರೆಯಾಗಿ ಒಣಹಾಕುತ್ತಾರೆ. ನೀರು ಕುಡಿದ ದಿಮ್ಮಿ ತೇಲುವುದಿಲ್ಲವೆಂದು ಅವರಿಗೆ ಗೊತ್ತು. ಫೈಬರ್ ದೋಣಿಯನ್ನು ಹಾಗೆ ಬಿಚ್ಚಿ ಒಣಗಿಸಲಾಗದು ಎಂಬಲ್ಲಿಯೇ ತೊಡಕು ಇದೆ.

ಆದ್ದರಿಂದ ಅಲ್ಲಿ ಸರ್ವೇಯರ್ ಎಂಬೊಬ್ಬ ಮನುಷ್ಯ ಬರುತ್ತಾನೆ. ಕೈಯಲ್ಲಿ ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆ, ತೇವ ಅಳೆಯುವ ಮೀಟರ್. ಡೆಕ್ಕಿನ ಮೇಲೆ ಮಂಡಿಯೂರಿ ಇಂಚಿಂಚಾಗಿ ತಟ್ಟುತ್ತಾ ಹೋಗುತ್ತಾನೆ. ಟಣ್ ಟಣ್ ಎಂದರೆ ಗಟ್ಟಿ. ದಬ್ ಎಂದರೆ ಅಲ್ಲಿ ಚಾಕ್‌ಪೀಸಿನಿಂದ ಗುರುತು. ಅರ್ಧ ದಿನವಾಗುವ ಹೊತ್ತಿಗೆ ಹಳೆಯ ದೋಣಿಯ ಡೆಕ್ ಮೇಲೆ ಬಿಳಿ ಗುರುತುಗಳು ತುಂಬಿಹೋಗಿದ್ದರೆ ಮಾರುವವನ ಮುಖ ನೋಡಬೇಕು. ಮೇಲಿನ ಪದರ ಕತ್ತರಿಸಿ, ಕೊಳೆತದ್ದನ್ನು ಕೆರೆದು ತೆಗೆದು, ಹೊಸ ಬಾಲ್ಸಾ ತುಂಬಿ, ಮತ್ತೆ ಫೈಬರ್ ಹಾಕಿ ಉಜ್ಜಿ ಬಣ್ಣ ಹೊಡೆಯುವುದು ಕೂಲಿ ನುಂಗುವ ಕೆಲಸ. ಅಮೆರಿಕದಲ್ಲೋ ಯುರೋಪಿನಲ್ಲೋ ಗಂಟೆಗೆ ಇಷ್ಟೆಂದು ಕೂಲಿ ಎಣಿಸುವ ಕಡೆ ಡೆಕ್ ದುರಸ್ತಿಯ ಬಿಲ್ ದೋಣಿಯ ಬೆಲೆಯ ಬೆನ್ನು ಹತ್ತುವುದುಂಟು.

ನೀರೊಳಗಿನ ಭಾಗಕ್ಕೆ ಬೇರೆ ರೋಗ. 1970, 80ರ ದಶಕದ ಪಾಲಿಯೆಸ್ಟರ್ ಒಡಲುಗಳು ವರ್ಷಗಟ್ಟಲೆ ನೀರಲ್ಲಿ ನಿಂತಾಗ ತಳದಲ್ಲಿ ಗುಳ್ಳೆ ಏಳುತ್ತದೆ. ಒಡೆದರೆ ಹುಳಿ ವಾಸನೆಯ ದ್ರವ. ನೋಡಲು ಹೆದರಿಕೆಯಾದರೂ ಇದು ದೋಣಿ ಕೊಲ್ಲುವ ರೋಗವಲ್ಲ. ಚೌಕಾಸಿಗೆ ಬಳಸಿಕೊಳ್ಳಬಹುದಷ್ಟೆ. ನಿಜವಾಗಿ ಹೆದರಬೇಕಾದದ್ದು ಎರಡು ಒಡಲುಗಳು ಒಂದಕ್ಕೊಂದು ಬೇರೆ ಬೇರೆಯಾಗಿ ತಿರುಚಿಕೊಳ್ಳುವ ಜಾಗಗಳಿಗೆ. ಒಂದು ಒಡಲು ಅಲೆಯ ನೆತ್ತಿಯಲ್ಲಿ, ಇನ್ನೊಂದು ಅಲೆಯ ಹಳ್ಳದಲ್ಲಿ ಇರುವಾಗ ಇಡೀ ದೋಣಿ ಮುರುಚಿಕೊಳ್ಳುತ್ತದೆ. ಆ ಒತ್ತಡವೆಲ್ಲ ಹೋಗುವುದು ಅಡ್ಡತೊಲೆಗಳಿಗೆ, ಕೂವೆಮರದ ಕೆಳಗಿನ ಅಡ್ಡಗೋಡೆಗೆ. ಹೆಸರಾಂತ ತಯಾರಕರ ದೋಣಿಗಳಲ್ಲೂ ಆ ಅಡ್ಡಗೋಡೆ ಬಿರುಕು ಬಿಟ್ಟ ಪ್ರಸಂಗಗಳಿವೆ. ಇದನ್ನು ಹಿಡಿಯಲು ಯಂತ್ರ ಬೇಡ. ಕೋಣೆಯ ಬಾಗಿಲುಗಳನ್ನೆಲ್ಲ ಹಾಕಿ ತೆಗೆದು ನೋಡಿದರಾಯಿತು. ಬಂದರಿನಲ್ಲಿ ನಿಂತಾಗ ಸಲೀಸಾಗಿ ಹಾಕಿಕೊಳ್ಳುವ ಬಾಗಿಲು ಸಮುದ್ರದಲ್ಲಿ ಸಿಕ್ಕಿಕೊಂಡರೆ ಚೌಕಟ್ಟು ಕುಣಿಯುತ್ತಿದೆ. ಚೌಕಟ್ಟು ಒತ್ತುವ ಬಾಗಿಲನ್ನು ಯಾರೋ ಹತ್ತರಿ ಹೊಡೆದು ಸರಿಮಾಡಿದ ಗುರುತಿದ್ದರೆ ಅಲ್ಲಿಂದ ನಮಸ್ಕಾರ ಹೇಳಿ ಬರುವುದು ಒಳ್ಳೆಯದು.

ಕೂವೆಮರ ಹಿಡಿದ ಸ್ಟೀಲ್ ತಂತಿಗಳದು ಬೇರೆ ಕಥೆ. ಸ್ಟೇನ್‌ಲೆಸ್ ತಂತಿ ಹೊರಗಿನಿಂದ ಹೊಳೆಯುತ್ತಲೇ ಒಳಗಿನಿಂದ ದಣಿಯುತ್ತದೆ. ಅದಕ್ಕೇ ಹತ್ತು ವರ್ಷದ ಆಸುಪಾಸಿನಲ್ಲಿ ಬದಲಾಯಿಸದಿದ್ದರೆ ಎಷ್ಟೋ ವಿಮಾ ಕಂಪನಿಗಳು ವಿಮೆ ಮಾಡುವುದಿಲ್ಲ. ಎಂಜಿನ್ ಎರಡು ಇರುವುದರಿಂದ ಎಲ್ಲ ಖರ್ಚೂ ಎರಡೆರಡು. ಎಂಜಿನ್ನಿನಿಂದ ಕೆಳಗಿಳಿದು ಒಡಲಿನ ತೂತಿನ ಮೂಲಕ ನೀರಿಗೆ ಹೋಗುವ ಸೈಲ್‌ಡ್ರೈವ್ ಎಂಬ ಭಾಗವಿದ್ದರೆ, ನೀರು ಒಳಬರದಂತೆ ತಡೆಯುವುದು ಒಂದು ರಬ್ಬರಿನ ಪೊರೆ. ವೋಲ್ವೊ ಪೆಂಟಾ ಏಳು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸಿ ಎನ್ನುತ್ತದೆ. ಬಹಳ ಮಾಲೀಕರು ಹದಿನಾಲ್ಕು ವರ್ಷವಾದರೂ ಬದಲಾಯಿಸಿರುವುದಿಲ್ಲ, ಯಾಕೆಂದರೆ ಅದು ಕಾಣುವ ಜಾಗದಲ್ಲಿಲ್ಲ. ಹಾಯಿಗಳನ್ನು ಬಿಡಿಸಿ ನೋಡಬೇಕು, ಸುರುಳಿ ಸುತ್ತಿಟ್ಟದ್ದನ್ನು ನೋಡಿ ಚೆನ್ನಾಗಿದೆ ಎನ್ನಬಾರದು. ಮೆತ್ತೆ, ಪರದೆ, ಟಿವಿ, ರಾಡಾರ್ ಪರದೆ ಇವಕ್ಕೆ ನಾನಾದರೆ ಬೆಲೆ ಕೊಡುವುದಿಲ್ಲ.

ದೋಣಿ ಎಲ್ಲಿಂದ ಬಂತು ಎನ್ನುವುದು ಅಷ್ಟೇ ಮುಖ್ಯ. ಕೆರಿಬಿಯನ್ನಿನ ಬ್ರಿಟಿಷ್ ವರ್ಜಿನ್ ದ್ವೀಪಗಳಲ್ಲಿ 1969ರಲ್ಲಿ ಶುರುವಾದ ಮೂರಿಂಗ್ಸ್‌ನಂಥ ಸಂಸ್ಥೆಗಳು ಪ್ರವಾಸಿಗರಿಗೆ ದೋಣಿ ಬಾಡಿಗೆಗೆ ಕೊಡುತ್ತವೆ. ದೋಣಿ ಯಾರೋ ಒಬ್ಬರ ಹೆಸರಿನಲ್ಲಿರುತ್ತದೆ, ಐದಾರು ವರ್ಷ ಬಾಡಿಗೆಗೆ ದುಡಿಯುತ್ತದೆ, ಆಮೇಲೆ ಮಾರಾಟಕ್ಕೆ ಬರುತ್ತದೆ. ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ರಾಬರ್ಟ್‌ಸನ್ ಆ್ಯಂಡ್ ಕೇಯ್ನ್ ಕಂಪನಿ ಕಟ್ಟುವ ದೋಣಿಗಳು ಇದೇ ದಾರಿಯಲ್ಲಿ ಸಾಲುಸಾಲಾಗಿ ಬಂದವು. ಬಾಡಿಗೆ ದೋಣಿ ಕೆಟ್ಟದ್ದೇ ಎನ್ನುವುದು ತಪ್ಪು ತೀರ್ಮಾನ. ವಾರಕ್ಕೊಮ್ಮೆ ಮೆಕ್ಯಾನಿಕ್ ಕಣ್ಣಿಗೆ ಬೀಳುವ ಎಂಜಿನ್, ವರ್ಷಗಟ್ಟಲೆ ಕಟ್ಟಿಹಾಕಿ ಮರೆತ ಖಾಸಗಿ ದೋಣಿಯ ಎಂಜಿನ್ನಿಗಿಂತ ಎಷ್ಟೋ ವಾಸಿ. ಆದರೆ ಓಡಿದ ಗಂಟೆ ಹೆಚ್ಚಿರುತ್ತದೆ, ಎಲ್ಲವೂ ಒರಟಾಗಿ ಸವೆದಿರುತ್ತದೆ, ಹೊಸ ಚಾಲಕರು ಬಂಡೆಗೆ ತಾಗಿಸಿದ ಗುರುತು ತಳದಲ್ಲಿರುತ್ತದೆ.

ಇದಕ್ಕಿಂತ ಎಚ್ಚರಿಕೆ ಬೇಕಾದ ದಿನಾಂಕವೊಂದಿದೆ. 2017ರ ಸೆಪ್ಟೆಂಬರ್ 6ರಂದು ಇರ್ಮಾ ಚಂಡಮಾರುತ ಆ ದ್ವೀಪಗಳ ಮೇಲೆ ಹಾದುಹೋದಾಗ ಬಂದರಿನಲ್ಲಿದ್ದ ನೂರಾರು ದೋಣಿಗಳು ಒಂದರ ಮೇಲೊಂದು ರಾಶಿಬಿದ್ದವು. ವಿಮಾ ಕಂಪನಿ ನಷ್ಟವೆಂದು ಬರೆದುಹಾಕಿದ ದೋಣಿಗಳನ್ನು ಅಗ್ಗಕ್ಕೆ ಕೊಂಡು, ರಿಪೇರಿ ಮಾಡಿ, ಬಣ್ಣ ಬಳಿದು ಮಾರಿದವರಿದ್ದಾರೆ. ಅಂಥವುಗಳಲ್ಲಿ ಚೆನ್ನಾಗಿ ದುರಸ್ತಿಯಾದವೂ ಇವೆ. ಆದರೆ ಆ ತಿಂಗಳಲ್ಲಿ ದೋಣಿ ಎಲ್ಲಿತ್ತು ಎಂದು ಕೇಳಿದಾಗ ಮಾರುವವನು ಮಾತು ಬದಲಾಯಿಸಿದರೆ, ಉತ್ತರ ಸಿಕ್ಕಿತೆಂದೇ ತಿಳಿಯಿರಿ.

ಮನೆಯಲ್ಲೇ ಕಟ್ಟಿದ ದೋಣಿಗಳದ್ದು ಇನ್ನೊಂದು ಲೋಕ. ಇಂಗ್ಲೆಂಡಿನ ಜೇಮ್ಸ್ ವಾರಮ್ 1955–56ರಲ್ಲಿ ತಾನೇ ಕಟ್ಟಿದ, ಏಳು ಮೀಟರಿಗೆ ಸ್ವಲ್ಪ ಮೇಲ್ಪಟ್ಟ ಕ್ಯಾಟಮರಾನಿನಲ್ಲಿ ಅಟ್ಲಾಂಟಿಕ್ ದಾಟಿದ, ಆಮೇಲೆ ಜೀವನಪೂರ್ತಿ ನಕ್ಷೆಗಳನ್ನು ಮಾರಿದ. ಪ್ಲೈವುಡ್ಡಿನ ಒಡಲು, ಅಡ್ಡತೊಲೆಗಳನ್ನು ಬೋಲ್ಟ್ ಬದಲು ಹಗ್ಗದಿಂದ ಬಿಗಿಯುವ ಪದ್ಧತಿ. ಜಗತ್ತಿನ ಮೂಲೆಮೂಲೆಯಲ್ಲಿ ಅವನ ನಕ್ಷೆ ಹಿಡಿದು ಜನ ಹಿತ್ತಲಲ್ಲಿ ದೋಣಿ ಕಟ್ಟಿದರು. ಮರುಮಾರಾಟದಲ್ಲಿ ಇವುಗಳ ಬೆಲೆ ಯಾವಾಗಲೂ ಕಡಿಮೆ, ಯಾಕೆಂದರೆ ಇಲ್ಲಿ ನಕ್ಷೆಗಿಂತ ಕೈ ಮುಖ್ಯ. ಪ್ಲೈವುಡ್ಡಿನ ಅಂಚುಗಳಿಗೆ ಎಪಾಕ್ಸಿ ಸರಿಯಾಗಿ ಕುಡಿಸಿದವನು ಕಟ್ಟಿದ ದೋಣಿ ದಶಕಗಳ ಕಾಲ ಬಾಳುತ್ತದೆ, ಅವಸರದವನದು ಐದು ವರ್ಷಕ್ಕೆ ಅಣಬೆ. ಕೈಯಲ್ಲಿ ಕೆಲಸವಿರುವವನಿಗೆ, ಉಪ್ಪರಿಗೆಯ ಆಸೆಯಿಲ್ಲದವನಿಗೆ ಇದಕ್ಕಿಂತ ಒಳ್ಳೆಯ ವ್ಯಾಪಾರವಿಲ್ಲ ಎಂದು ನನ್ನ ಅಭಿಪ್ರಾಯ.

ಈಗ ಲೆಕ್ಕಕ್ಕೆ ಬರೋಣ. ಒಂದೇ ಮಾದರಿಯ, ಒಂದೇ ವರ್ಷದ ಎರಡು ದೋಣಿಗಳಿವೆ ಎಂದಿಟ್ಟುಕೊಳ್ಳಿ. ಒಂದಕ್ಕೆ ಒಂದು ಲಕ್ಷ ಡಾಲರ್ ಕೇಳುತ್ತಾರೆ, ಇನ್ನೊಂದಕ್ಕೆ ಒಂದು ಲಕ್ಷ ನಲವತ್ತು ಸಾವಿರ. ಮೊದಲನೆಯದರ ತಂತಿ, ಹಾಯಿ, ಡೆಕ್, ರಬ್ಬರ್ ಪೊರೆ ಎಲ್ಲ ಆಗಬೇಕು, ಅರವತ್ತು ಸಾವಿರದ ಕೆಲಸ. ಎರಡನೆಯದರಲ್ಲಿ ಇವೆಲ್ಲ ಎರಡು ವರ್ಷದ ಹಿಂದೆ ಆಗಿದೆ. ಮೊದಲನೆಯದನ್ನು ಕೊಂಡವನು ಎಲ್ಲ ಮಾಡಿಸಿ ಮುಗಿಸುವ ಹೊತ್ತಿಗೆ ಒಂದು ಲಕ್ಷ ಅರವತ್ತು ಸಾವಿರ ಸುರಿದಿರುತ್ತಾನೆ, ಒಂದು ವರ್ಷ ದಡದಲ್ಲಿ ಧೂಳು ತಿಂದಿರುತ್ತಾನೆ. ಮಾರಲು ಹೋದರೆ ಸಿಗುವುದು ಒಂದು ಲಕ್ಷ ನಲವತ್ತೇ. ದುರಸ್ತಿಗೆ ಹಾಕಿದ ಹಣ ಬೆಲೆಯಾಗಿ ಹಿಂತಿರುಗುವುದಿಲ್ಲ, ಅದನ್ನು ಮಾರುವವನೇ ನುಂಗಿಕೊಳ್ಳುತ್ತಾನೆ. ಆದ್ದರಿಂದ ಹಿಂದಿನ ಮಾಲೀಕ ದುಂದು ಮಾಡಿದ ದೋಣಿಯನ್ನು ಕೊಳ್ಳುವವನೇ ಜಾಣ. ಅಗ್ಗದ ದೋಣಿ ಕೊಂಡವನು ಮಾರುವವನು ಮಾಡಿಸದೆ ಬಿಟ್ಟ ಕೆಲಸವನ್ನು ಪೂರ್ತಿ ಬೆಲೆ ಕೊಟ್ಟು ಕೊಳ್ಳುತ್ತಾನೆ. ವರ್ಷಕ್ಕೆ ದೋಣಿಯ ಬೆಲೆಯ ಹತ್ತರಲ್ಲೊಂದು ಪಾಲು ನಿರ್ವಹಣೆಗೆ ಎತ್ತಿಡಬೇಕೆಂಬ ವಾಡಿಕೆಯ ಮಾತೂ ಹಳೆಯ ದೋಣಿಗೆ ಹೊಂದುವುದಿಲ್ಲ. ಬೆಲೆ ಇಳಿದಿರಬಹುದು, ತಂತಿಯ ಬೆಲೆ ಇಳಿದಿರುವುದಿಲ್ಲ. ಅಗಲ ಹೆಚ್ಚಿರುವುದರಿಂದ ಬಂದರಿನಲ್ಲಿ ಕಟ್ಟುವ ಬಾಡಿಗೆ ಎಷ್ಟೋ ಕಡೆ ಒಂದೂವರೆ ಪಟ್ಟು, ಕೆಲವೆಡೆ ಎರಡು ಪಟ್ಟು. ಆರೂವರೆ ಮೀಟರ್ ಅಗಲವನ್ನು ನೀರಿಂದ ಎತ್ತುವ ಕ್ರೇನ್ ಎಲ್ಲ ಬಂದರಿನಲ್ಲೂ ಇರುವುದಿಲ್ಲ.

ಈ ಲೆಕ್ಕವನ್ನು ದೇಶವೇ ಒಮ್ಮೆ ಕಲಿತದ್ದುಂಟು, ಅದೂ ನಮ್ಮ ಕಾರವಾರಕ್ಕೆ ಬಂದ ಹಡಗಿನಲ್ಲಿ. ಸೋವಿಯತ್ ನೌಕಾಪಡೆಯಲ್ಲಿ 1987ರಲ್ಲಿ ‘ಬಾಕು’ ಎಂದು ಸೇರಿ, ಆಮೇಲೆ ‘ಅಡ್ಮಿರಲ್ ಗೋರ್ಶ್‌ಕೋವ್’ ಆದ ವಿಮಾನವಾಹಕ ಅದು. 1994ರಲ್ಲಿ ಬಾಯ್ಲರ್ ಕೋಣೆಯಲ್ಲಿ ಸ್ಫೋಟವಾಯಿತು, 1996ರಲ್ಲಿ ಸೇವೆಯಿಂದ ಹೊರಬಿತ್ತು. ರಷ್ಯಾ ಹಡಗಿನ ಒಡಲನ್ನು ಪುಕ್ಕಟೆ ಕೊಡುತ್ತೇನೆ, ದುರಸ್ತಿಯ ಹಣ ಕೊಡಿ ಎಂದಿತು. 2004ರ ಜನವರಿಯಲ್ಲಿ ಒಪ್ಪಂದವಾದಾಗ ದುರಸ್ತಿಗೆ ಹಿಡಿದ ಮೊತ್ತ 97.4 ಕೋಟಿ ಡಾಲರ್, ಹಡಗು ಸೇರಬೇಕಾದದ್ದು 2008ರಲ್ಲಿ. ಗೋಡೆ ಬಿಚ್ಚುತ್ತ ಹೋದಂತೆ ಕೆಲಸ ಬೆಳೆಯಿತು. ಸಾವಿರಾರು ಕಿಲೋಮೀಟರ್ ಕೇಬಲ್ ಹೊಸದಾಗಿ ಎಳೆಯಬೇಕಾಯಿತು, ಲೋಹದ ತಗಡುಗಳು ಊಹೆಗಿಂತ ಹೆಚ್ಚು ಸವೆದಿದ್ದವು. 2009ರಲ್ಲಿ ಸಿಎಜಿ ವರದಿ, ಕಡಿಮೆ ಆಯಸ್ಸು ಉಳಿದ ಈ ಹಳೆಯ ಹಡಗು ಹೊಸದಕ್ಕಿಂತ ಶೇ 60ರಷ್ಟು ದುಬಾರಿಯಾಗಲಿದೆ ಎಂದು ಟೀಕಿಸಿತು. ಕೊನೆಗೆ ಮೊತ್ತ ಏರಿದ್ದು ಸುಮಾರು 235 ಕೋಟಿ ಡಾಲರಿಗೆ. 2012ರ ಸಮುದ್ರ ಪರೀಕ್ಷೆಯಲ್ಲಿ ಎಂಟು ಬಾಯ್ಲರುಗಳಲ್ಲಿ ಏಳು ಕೆಟ್ಟವು, ಶಾಖ ತಡೆಯುವ ಇಟ್ಟಿಗೆ ತಾಳಲಿಲ್ಲ. 2013ರ ನವೆಂಬರ್ 16ರಂದು ‘ಐಎನ್‌ಎಸ್ ವಿಕ್ರಮಾದಿತ್ಯ’ ಎಂದು ಸೇರ್ಪಡೆಯಾಗಿ, ಮುಂದಿನ ಜನವರಿಯಲ್ಲಿ ಕಾರವಾರದ ಕದಂಬ ನೌಕಾನೆಲೆ ತಲುಪಿತು.

ಟೀಕಿಸುವುದು ಸುಲಭ. ಆದರೆ ಆ ಹೊತ್ತಿಗೆ ಬೇರೆ ಹಡಗು ಮಾರುವವರು ಇರಲಿಲ್ಲ, ಸ್ವಂತದ್ದು ಕಟ್ಟಿ ಮುಗಿಯಲು ಇನ್ನೂ ವರ್ಷಗಳಿದ್ದವು. ಬೇಕೇ ಬೇಕು ಎನ್ನುವವನಿಗೆ ಬೆಲೆಯ ಮೇಲೆ ಹಿಡಿತವಿರುವುದಿಲ್ಲ. ಎಲ್ಲ ಬಿಚ್ಚಿ ನೋಡುವ ಮೊದಲೇ ದುರಸ್ತಿಗೆ ಒಂದು ಅಂಕಿ ಒಪ್ಪಿಕೊಂಡದ್ದು ಮಾತ್ರ ತೆಪ್ಪ ಕೊಳ್ಳುವವನೂ ಮಾಡದ ಕೆಲಸ.

ಮಲ್ಪೆ, ಮಂಗಳೂರಿನ ದಕ್ಕೆಗಳಲ್ಲಿ ಹಳೆಯ ಮೀನುಗಾರಿಕಾ ದೋಣಿ ಕೊಳ್ಳುವವರು ಈ ವಿಷಯದಲ್ಲಿ ನೌಕಾಪಡೆಗಿಂತ ಚುರುಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳು ದೋಣಿಗಳು ನಿಂತಿರುತ್ತವೆ, ಕೆಲವನ್ನು ದಡಕ್ಕೆಳೆದು ರಿಪೇರಿ ಮಾಡುತ್ತಾರೆ. ತಳ ನೋಡಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಮರದ ಹಲಗೆಗೆ ಹುಳು ಹಿಡಿದಿದೆಯೇ ಎಂದು ಚೂಪು ಮೊನೆಯಿಂದ ಚುಚ್ಚಿ ನೋಡುತ್ತಾರೆ, ಉಕ್ಕಿನ ದೋಣಿಯಾದರೆ ತಗಡಿನ ದಪ್ಪ ಅಳೆಯಬೇಕು. ಅಲ್ಲಿಯ ವ್ಯಾಪಾರದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಹೊಸ ದೋಣಿ ಕಟ್ಟಲು ಮೀನುಗಾರಿಕೆ ಇಲಾಖೆಯ ಸಾಧ್ಯತಾ ಪತ್ರ ಬೇಕು, ಅದು ಬೇಕೆಂದಾಗ ಸಿಗುವುದಿಲ್ಲ. ಹಾಗಾಗಿ ಲಟಾರಿ ದೋಣಿಗೂ ಅದರ ನೋಂದಣಿಯ ಕಾಗದಕ್ಕಾಗಿ, ಅದರ ಜೊತೆ ಬರುವ ತೆರಿಗೆ ವಿನಾಯಿತಿಯ ಡೀಸೆಲ್ಲಿಗಾಗಿ ಬೆಲೆ ಇರುತ್ತದೆ. ಮರಕ್ಕಿಂತ ಕಾಗದ ತೂಕ.

ಕಾಗದ ಎಂದಾಗ ನಮ್ಮೂರಿನವರೇ ಆದ ಕ್ಯಾಪ್ಟನ್ ಗೋಪಿನಾಥ್ ನೆನಪಾಗುತ್ತಾರೆ. ಅವರ ಮನೆಯ ಜಮೀನು ಮುಳುಗಿದ್ದು ಇದೇ ಹೇಮಾವತಿ ನೀರಿನಲ್ಲಿ, ಬದಲಿ ಭೂಮಿ ಸಿಕ್ಕಿದ್ದು ಜಾವಗಲ್ ಕಡೆ. 2003ರಲ್ಲಿ ಅವರು ಏರ್ ಡೆಕ್ಕನ್ ಶುರುಮಾಡಿದ್ದು ಗುತ್ತಿಗೆಗೆ ಪಡೆದ ಹಳೆಯ ಎಟಿಆರ್ ವಿಮಾನಗಳಿಂದ. ಹಳೆಯ ವಿಮಾನವನ್ನು ಧೈರ್ಯವಾಗಿ ತೆಗೆದುಕೊಳ್ಳಬಹುದು, ಯಾಕೆಂದರೆ ಅದರ ಮುಖ್ಯ ಭಾಗಗಳು ಎಷ್ಟು ಗಂಟೆ ಹಾರಿವೆ, ಯಾವಾಗ ಬದಲಾದವು, ಯಾರು ಸಹಿ ಹಾಕಿದರು ಎಂಬುದನ್ನು ಬರೆದಿಡದಿದ್ದರೆ ಹಾರಲು ಬಿಡುವುದೇ ಇಲ್ಲ. ಖಾಸಗಿ ಹಾಯಿದೋಣಿಗೆ ಅಂಥ ಕಟ್ಟುಪಾಡಿಲ್ಲ. ಎಣ್ಣೆಯ ಮಸಿ ಮೆತ್ತಿದ ಒಂದು ಹಳೆಯ ನೋಟ್‌ಬುಕ್ಕು, ರಸೀದಿಗಳ ಕಂತೆ ತಂದು ಮುಂದಿಡುವ ಮಾಲೀಕ ಸಿಕ್ಕಿದರೆ ಅವನ ಜೊತೆ ಹೆಚ್ಚು ಚೌಕಾಸಿ ಮಾಡಬಾರದು. ‘ಎಲ್ಲ ನಾನೇ ನೋಡಿಕೊಂಡಿದ್ದೇನೆ, ನಂಬಿ’ ಎನ್ನುವವನ ಹತ್ತಿರ ಎಷ್ಟು ಚೌಕಾಸಿ ಮಾಡಿದರೂ ಕಡಿಮೆ.

ಬೆಲೆ ಇಳಿಯುತ್ತಾ ಎಲ್ಲಿಗೆ ಹೋಗಿ ನಿಲ್ಲುತ್ತದೆ? ಉಕ್ಕಿನ ಹಡಗಿಗೆ ನೆಲವೊಂದಿದೆ, ಗುಜರಿಯ ಬೆಲೆ. 1959ರಲ್ಲಿ ಬ್ರಿಟಿಷ್ ನೌಕಾಪಡೆಗೆ ಸೇರಿ, 1987ರಲ್ಲಿ ನಮ್ಮದಾಗಿ, 2017ರ ಮಾರ್ಚ್ 6ರಂದು ನಿವೃತ್ತಿಯಾದ ಐಎನ್‌ಎಸ್ ವಿರಾಟ್ ಹಡಗನ್ನು ವಸ್ತುಸಂಗ್ರಹಾಲಯ ಮಾಡಬೇಕೆಂಬ ಮಾತುಗಳೆಲ್ಲ ನಡೆದ ಮೇಲೂ 2020ರಲ್ಲಿ ಅದು ಗುಜರಾತಿನ ಅಲಂಗ್‌ಗೆ ಹೋದದ್ದು 38.54 ಕೋಟಿ ರೂಪಾಯಿಗೆ. ಫೈಬರಿಗೆ ಆ ನೆಲವೂ ಇಲ್ಲ. ಅದನ್ನು ಕರಗಿಸಲು ಬಾರದು, ಸುಡಲೂ ಬಾರದು, ಕೊಳೆಯುವುದೂ ಇಲ್ಲ. ಹಿನ್ನೀರಿನಲ್ಲಿ ಬಿದಿರಿನ ತೆಪ್ಪದ ಜಾಗಕ್ಕೆ ಬರುತ್ತಿರುವ ಫೈಬರ್ ತೆಪ್ಪಗಳೂ ಒಡೆದ ಮೇಲೆ ದಡದಲ್ಲೇ ಬಿದ್ದಿರುತ್ತವೆ. ಫ್ರಾನ್ಸಿನಲ್ಲಿ ಇದು ಎಷ್ಟು ದೊಡ್ಡ ತಲೆನೋವಾಯಿತೆಂದರೆ, 2019ರಿಂದ ಅಪೇರ್ ಎಂಬ ಸಂಸ್ಥೆ ಸತ್ತ ದೋಣಿಗಳನ್ನು ಮಾಲೀಕರಿಂದ ಪುಕ್ಕಟೆ ಪಡೆದು ಬಿಚ್ಚುತ್ತಿದೆ. ಸಾಗಿಸುವ ಖರ್ಚು ಮಾತ್ರ ಮಾಲೀಕನದು.

ಅಂದರೆ ಹಳೆಯ ದೋಣಿಯ ಬೆಲೆ ಸೊನ್ನೆಗಿಂತಲೂ ಕೆಳಗಿಳಿಯಬಹುದು. ಒಂದು ಡಾಲರಿಗೆ, ಒಂದು ಯೂರೋಗೆ ಕ್ಯಾಟಮರಾನ್ ಎಂಬ ಜಾಹೀರಾತು ಕಂಡರೆ ಅದು ಈ ಜಾತಿಯದು. ಮಾಲೀಕ ದೋಣಿಯ ಜೊತೆ ತನ್ನ ತಲೆನೋವನ್ನೂ ದಾಟಿಸುತ್ತಿದ್ದಾನೆ. ಅಂಥದ್ದಕ್ಕೆ ಕೈಯೊಡ್ಡುವ ಮುನ್ನ ಸರ್ವೇಯರನಿಗಿಂತ ಮೊದಲು ಬಂದರಿನ ಕಚೇರಿಗೆ ಹೋಗಿ, ಕಟ್ಟಿಹಾಕಿದ ಜಾಗದ ಬಾಡಿಗೆ ಎಷ್ಟು ತಿಂಗಳದ್ದು ಬಾಕಿಯಿದೆ, ದೋಣಿಯ ಮೇಲೆ ಯಾರ ಸಾಲವಿದೆ ಎಂದು ಕೇಳಿ ಬರಬೇಕು. ಬಾಕಿಯನ್ನು ಬರೆದುಕೊಂಡ ಆ ಚೀಟಿಯನ್ನು ಬೆಲೆಯ ಪಕ್ಕದಲ್ಲಿಟ್ಟು ಕೂಡಿ ನೋಡಿ, ಆಮೇಲೆ ಮಾತುಕತೆಗೆ ಕೂರಬಹುದು.